ಮಂಗಳವಿಲ್ಲದ ಆಟ

"ಗುರುಗಳೇ, ಯಾರೂ ಕೇಳಿಸಿಕೊಳ್ಳದಿದ್ದ ಮೇಲೆ ಹೇಳುವುದು ಯಾಕೆ?"

ಸೋಮಲಿಂಗನು ಇದನ್ನು ಕೇಳಿದ್ದು ಸಂಜೆಯ ಪೂಜೆ ಮುಗಿದ ಮೇಲೆ. ಮಠದ ಅಂಗಳದಲ್ಲಿ ಗುರುಗಳು ಒಬ್ಬರೇ ಕುಳಿತಿದ್ದರು. ಪಕ್ಕದ ಊರಿನಲ್ಲಿ ಪ್ರವಚನ ಮಾಡಿ ಬಾ ಎಂದು ಅವನನ್ನು ಕಳಿಸಿದವರು ಅವರೇ. ಅವನು ದಿನವೂ ಹೋಗಿ ಬರುತ್ತಿದ್ದ. ಇವತ್ತು ಬಂದವನು ಕಾಲು ಕೂಡ ತೊಳೆಯದೆ ಅವರ ಮುಂದೆ ಕುಳಿತಿದ್ದ.

"ಜನ ಬರುವುದಿಲ್ಲವೇ?" ಎಂದರು ಗುರುಗಳು.

"ಬರುತ್ತಾರೆ. ಕೂರಲು ಜಾಗ ಸಾಲುವುದಿಲ್ಲ. ಕಣ್ಣು ಒರೆಸಿಕೊಳ್ಳುತ್ತಾರೆ, ಹಾರ ಹಾಕುತ್ತಾರೆ, ಕಾಲಿಗೆ ಬೀಳುತ್ತಾರೆ. ಬೆಳಗಾದರೆ ಅದೇ ಜಗಳ, ತಕ್ಕಡಿಯಲ್ಲಿ ಅದೇ ಮೋಸ. ಅವರ ನಡುವೆ ಕುಳಿತಿದ್ದರೂ ನಾನು ಒಂಟಿ. ಒಬ್ಬ ಮುದುಕನಂತೂ ದಿನವೂ ನಡುವೆ ಎದ್ದು ತಕರಾರು ತೆಗೆಯುತ್ತಿದ್ದ. ಇವತ್ತು ಅವನನ್ನು ಹೊರಗೆ ಕಳಿಸಿದ ಮೇಲೆಯೇ ಮಾತು ಮುಂದೆ ಸಾಗಿದ್ದು. ಸಾಕಾಯಿತು ಗುರುಗಳೇ. ನಾಳೆಯಿಂದ ಪ್ರವಚನ ಬಿಟ್ಟು ಜಪಕ್ಕೆ ಕೂರುತ್ತೇನೆ. ಅಪ್ಪಣೆ ಕೊಡಿ."

"ಅಪ್ಪಣೆಯ ಮಾತು ಆಮೇಲೆ. ಮೊದಲು ಇದನ್ನು ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಪಟ್ಟಣ. ಅಲ್ಲಿನ ಜನಕ್ಕೆ ನಾಟಕವೆಂದರೆ ಊಟಕ್ಕಿಂತ ಹೆಚ್ಚು. ರಾಜಬೀದಿಯ ಉದ್ದಕ್ಕೂ ದೊಡ್ಡ ದೊಡ್ಡ ರಂಗಶಾಲೆಗಳು. ಒಂದರಲ್ಲಿ ಆನೆ ಬರುತ್ತಿತ್ತು, ಇನ್ನೊಂದರಲ್ಲಿ ಆಕಾಶದಿಂದ ದೇವತೆಗಳು ಇಳಿಯುತ್ತಿದ್ದರು. ಎಲ್ಲಿ ಯಾವ ಆಟವಾದರೂ ಕಡೆಗೆ ಒಂದು ಪದ್ಧತಿ ತಪ್ಪುತ್ತಿರಲಿಲ್ಲ. ಆಡಿದವರೆಲ್ಲ ಸಾಲಾಗಿ ನಿಂತು ದೇವರಿಗೆ ಮಂಗಳ ಹಾಡಬೇಕು. ನೋಡಿದವರೆಲ್ಲ ಎದ್ದು ಕೈಮುಗಿದು ದನಿಗೂಡಿಸಬೇಕು. ಆಟದಲ್ಲಿ ಆದ ಸಾವು ನೋವು ಅಲ್ಲಿಯೇ ಕಳೆದುಹೋಗಲಿ, ಯಾರ ಬೆನ್ನಿಗೂ ಅಂಟಿಕೊಂಡು ಮನೆಗೆ ಬಾರದಿರಲಿ ಎಂದು ಆ ಹಾಡು. ಅದಾಗದೆ ಏಳುವುದೆಂದರೆ ಅರ್ಧ ಊಟಕ್ಕೆ ಎಲೆ ಬಿಟ್ಟು ಎದ್ದ ಹಾಗೆ.

ಆ ಪಟ್ಟಣಕ್ಕೆ ಎಲ್ಲಿಂದಲೋ ಒಬ್ಬ ನಟ ಬಂದ. ಜೊತೆಗೆ ಮದ್ದಳೆ ಬಾರಿಸುವ ಒಬ್ಬ ಗೆಳೆಯ ಮತ್ತು ಸಣ್ಣ ಮೇಳ. ನಟನಿಗೆ ತಂದೆ ತಾಯಿ ಇರಲಿಲ್ಲ, ತನ್ನದೆನ್ನುವ ಊರಿರಲಿಲ್ಲ. ರಾಜಬೀದಿಯಲ್ಲಿ ಅವನಿಗೆ ಜಾಗ ಕೊಡುವವರು ಯಾರು? ಹಿಂದಿನ ಗಲ್ಲಿಯಲ್ಲಿ ಪಾಳುಬಿದ್ದ ಕಾಳಿನ ಉಗ್ರಾಣವೊಂದಿತ್ತು. ಅದನ್ನು ಗುಡಿಸಿ, ಹಲಗೆ ಹಾಸಿ, ಅಲ್ಲಿ ಒಂದು ಹೊಸ ಆಟ ಕಟ್ಟಿದ.

ಆಟದ ಕತೆ ಇಷ್ಟೇ. ಒಬ್ಬ ದಾರಿಹೋಕ ಬಾಯಾರಿ ಒಂದು ಊರಿಗೆ ಬರುತ್ತಾನೆ. ಬಾಗಿಲು ತಟ್ಟಿ ನೀರು ಕೇಳುತ್ತಾನೆ. "ಪೂಜೆಗೆ ತುಂಬಿಟ್ಟ ನೀರಪ್ಪ, ಮುಟ್ಟಬಾರದು" ಎನ್ನುತ್ತಾಳೆ ಒಬ್ಬಳು. "ಯಾವ ಊರು, ಯಾರ ಪೈಕಿ?" ಎಂದು ಕೇಳುತ್ತಾನೆ ಇನ್ನೊಬ್ಬ. ಮತ್ತೊಬ್ಬ ನೀರಿನ ದಾನದ ಹಿರಿಮೆಯನ್ನೇ ವಿಸ್ತಾರವಾಗಿ ವಿವರಿಸಿ ಬಾಗಿಲು ಹಾಕಿಕೊಳ್ಳುತ್ತಾನೆ. ಕಡೆಗೆ ದಾರಿಹೋಕ ರಂಗದ ಅಂಚಿಗೆ ಬಂದು ಬೀಳುತ್ತಾನೆ. ನೋಡುವವರ ಕಡೆಗೆ ಕೈ ಚಾಚಿ "ನೀರು" ಎನ್ನುತ್ತಾನೆ. ಅಲ್ಲಿಂದ ಮುಂದೆ ಮಾತಿಲ್ಲ, ಹಾಡಿಲ್ಲ. ದೀಪ ಆರುವುದಿಲ್ಲ, ಪರದೆ ಬೀಳುವುದಿಲ್ಲ.

ದಾರಿಹೋಕನ ವೇಷ ನಟನದೇ. ಕುಳಿತವರಲ್ಲಿ ಯಾರಾದರೂ ಒಬ್ಬರು ಎದ್ದು ಬಂದು ಆ ಕೈಗೆ ನೀರು ಕೊಡಬೇಕು. ಕೊಟ್ಟರೆ ದಾರಿಹೋಕ ಕುಡಿದು ಏಳುತ್ತಾನೆ, ಆಗ ಮಂಗಳ. ಕೊಡದಿದ್ದರೆ ಮಂಗಳವಿಲ್ಲ. ಇದನ್ನು ಅವನು ತನ್ನ ಮೇಳದವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಬೆಳಗಿನಿಂದ ತಾನೂ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ಬಣ್ಣ ಹಚ್ಚುವ ಮುಂಚೆ ದೇವರ ಮುಂದೆ ನಿಂತು ಕೇಳಿಕೊಳ್ಳುತ್ತಿದ್ದ: "ಒಬ್ಬನನ್ನು ಕಳಿಸು ತಂದೆ. ಅವನ ಊರನ್ನೇ ನನ್ನ ಊರು ಅಂದುಕೊಂಡು ಇಲ್ಲಿಯೇ ಉಳಿಯುತ್ತೇನೆ. ಯಾರೂ ಬಾರದಿದ್ದರೆ ಬಣ್ಣದ ಪೆಟ್ಟಿಗೆ ಹೊಳೆಗೆ ಹಾಕಿ ಹೊರಡುತ್ತೇನೆ."

ಮೊದಲ ಸಂಜೆ ಅವನು ಕೈ ಚಾಚಿ ಬಿದ್ದಾಗ ಉಗ್ರಾಣವೆಲ್ಲ ಗಪ್ಪಾಯಿತು. ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅದೇ ನೆಪವಾಗಿ ಎಲ್ಲರೂ ತಟ್ಟಿದರು. "ಏನು ಅಭಿನಯ ರೀ! ಅವನು ನೀರು ಅಂದ, ನನ್ನ ಗಂಟಲು ಒಣಗಿಹೋಯ್ತು!" ಎಂದು ಹೇಳುತ್ತ ಹೊರಗೆ ಹೋದರು. ಬಾಗಿಲಲ್ಲಿ ಪಾನಕ ಮಾರುವವನ ಕೊಡ ಗಳಿಗೆಯಲ್ಲಿ ಖಾಲಿ.

ಮಾತು ಊರೆಲ್ಲ ಹಬ್ಬಿತು. ರಾಜಬೀದಿಯ ಜನ ಗಲ್ಲಿಗೆ ಬಂದರು. ಪಂಡಿತರು ಬಂದು, ಮಂಗಳವಿಲ್ಲದೆ ಆಟ ಮುಗಿಸಲು ಶಾಸ್ತ್ರದಲ್ಲಿ ಅವಕಾಶ ಉಂಟೋ ಇಲ್ಲವೋ ಎಂದು ವಾದಕ್ಕೆ ಕುಳಿತರು. ಅವರು ವಾದ ಮಾಡುತ್ತಿದ್ದದ್ದು ಬಿದ್ದವನ ತಲೆಯ ಹತ್ತಿರವೇ. ಒಬ್ಬ ಸಾಹುಕಾರ ರಂಗದ ಬಳಿಗೆ ಬಂದ. ನಟ ಕೈಯನ್ನು ಇನ್ನಷ್ಟು ಮುಂದೆ ಚಾಚಿದ. ಸಾಹುಕಾರನು ಆ ಚಾಚಿದ ಕೈ ಮೇಲೆ ಜರಿಯ ಶಾಲು ಹೊದಿಸಿ, ಕಣ್ಣು ಒರೆಸಿಕೊಂಡು ಹಿಂತಿರುಗಿದ. ಮರುದಿನದಿಂದ ಆ ಕೈಗೆ ಹೂವು ಬಿತ್ತು, ಹಣ್ಣು ಬಿತ್ತು, ಬೆಳ್ಳಿಯ ನಾಣ್ಯ ಬಿತ್ತು. ನೀರು ಮಾತ್ರ ಬೀಳಲಿಲ್ಲ.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಭಾರಿ ಆಳು, ಭಾರಿ ಗಂಟಲು. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವನು ಎದ್ದು ಕೂಗುತ್ತಿದ್ದ:

"ಏ ಆಟದಪ್ಪಾ! ಮಂಗಳ ಹಾಡೋ! ಮನೇಲಿ ಬಾಣಂತಿ ಮಗಳಿದ್ದಾಳೆ, ಈ ಅಪಶಕುನ ಹೊತ್ಕೊಂಡು ಹೆಂಗೋ ಮನೆಗೆ ಹೋಗ್ಲಿ?"

ಜನ ನಗುತ್ತಿದ್ದರು. "ಬೆಲ್ಲದ ಯಜಮಾನ್ರೇ, ಕೂತ್ಕೊಳ್ಳಿ. ಇದು ಹೊಸ ತರದ ಆಟ. ನಿಮಗೆ ಆನೆ ಬರೋ ಆಟವೇ ಸರಿ."

"ಹೊಸದೋ ಹಳೇದೋ, ನನಗೆ ನಿದ್ದೆ ಬರ್ತಿಲ್ಲ ಕಣ್ರೀ. ಕಣ್ಣು ಮುಚ್ಚಿದ್ರೆ ಇವನ ಕೈ ಕಾಣುತ್ತೆ. ದುಡ್ಡು ಕೊಟ್ಟು ಬಂದವರನ್ನ ಕಟುಕರು ಅಂತಾನಲ್ಲ, ಇವನಿಗೆಷ್ಟು ಕೊಬ್ಬು?"

"ಹಾಗಿದ್ರೆ ಬರಬೇಡಿ!"

"ಬರ್ತೀನಿ! ಇವನು ಮಂಗಳ ಹಾಡೋ ತನಕ ಬರ್ತೀನಿ!"

ಬಂದ ಕೂಡ. ದಿನವೂ ಬಂದ, ದಿನವೂ ಕೂಗಿದ. ಬಿದ್ದಲ್ಲಿಂದಲೇ ನಟ ಅದನ್ನು ಕೇಳುತ್ತಿದ್ದ. ಹೊಗಳಿದವರ ಮುಖ ಅವನಿಗೆ ನೆನಪಿರುತ್ತಿತ್ತು. ಈ ದನಿ ಮಾತ್ರ ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಎಲ್ಲರೂ ಹೋದ ಮೇಲೆ ಅವನು ಮೇಲೆದ್ದು, ಶಾಲು ನಾಣ್ಯಗಳನ್ನು ಮೂಲೆಗೆ ಸರಿಸಿ, ಮೋರೆಯ ಬಣ್ಣ ತೊಳೆದು, ಅದೇ ಕೊಡದ ತಣ್ಣೀರನ್ನು ಬೊಗಸೆಯಲ್ಲಿ ಕುಡಿಯುತ್ತಿದ್ದ. ಇಷ್ಟು ಜನ ಬಂದು ಹೋದ ಮನೆಯಲ್ಲಿ ಅವನಷ್ಟು ಒಂಟಿ ಯಾರೂ ಇರಲಿಲ್ಲ.

"ಒಂದು ದಿನ ಮಂಗಳ ಹಾಡಿಬಿಡೋಣವೇನೋ? ಜನ ನೆಮ್ಮದಿಯಾಗಿ ಮನೆಗೆ ಹೋಗಲಿ" ಎಂದ ಮದ್ದಳೆಯವನು.

"ನಾನೇನು ಅವರನ್ನು ಹಿಡಿದಿಟ್ಟಿದ್ದೇನೆಯೇ? ನೆಮ್ಮದಿಯಾಗಿಯೇ ಹೋಗುತ್ತಿದ್ದಾರಲ್ಲ" ಎಂದ ನಟ. "ನಾಳೆ ಒಂದು ಸಲ ನೋಡುತ್ತೇನೆ. ಆಮೇಲೆ ಹೊರಡೋಣ."

ಮರುದಿನ ಸಂಜೆ ಉಗ್ರಾಣ ಕಿಕ್ಕಿರಿದಿತ್ತು. ರಾಜಬೀದಿಯ ಹಿರಿಯ ನಟರೆಲ್ಲ ಮುಂದೆ ಕುಳಿತಿದ್ದರು. ಬೆಲ್ಲದ ವ್ಯಾಪಾರಿ ಮಾತ್ರ ಇರಲಿಲ್ಲ. ಒಳ್ಳೆಯದಾಯಿತು ಎಂದುಕೊಂಡ ನಟ. ಇವತ್ತು ಯಾರೂ ಅಡ್ಡ ಬರುವುದಿಲ್ಲ. ಇವತ್ತು ಆ ಮೌನದೊಳಗಿಂದ ಯಾರಾದರೂ ಎದ್ದೇ ಏಳುತ್ತಾರೆ. ಅವನು ಎಂದೂ ಆಡದ ಹಾಗೆ ಆಡಿದ. ರಂಗದ ಅಂಚಿಗೆ ಬಂದು ಬಿದ್ದ. ಕೈ ಚಾಚಿದ. "ನೀರು" ಎಂದ.

ಯಾರೂ ಉಸಿರೆತ್ತಲಿಲ್ಲ. ಚಪ್ಪಾಳೆಯನ್ನೂ ತಟ್ಟಲಿಲ್ಲ. ಅಂಥ ಮೌನ ಆ ಉಗ್ರಾಣದಲ್ಲಿ ಎಂದೂ ಆಗಿರಲಿಲ್ಲ.

ಆಗ ಬಾಗಿಲ ಕಡೆಯಿಂದ ಅದೇ ದನಿ ಬಂತು. "ಸರೀರಿ! ದಾರಿ ಬಿಡ್ರಿ! ಇವತ್ತು ಇವನದೊಂದು ಇತ್ಯರ್ಥ ಮಾಡ್ತೀನಿ!" ಜನರನ್ನು ತಳ್ಳಿಕೊಂಡು ಬೆಲ್ಲದ ವ್ಯಾಪಾರಿ ಬರುತ್ತಿದ್ದ. ಒಂದು ಕೈ ಉತ್ತರೀಯದೊಳಗಿತ್ತು. ಏದುಸಿರು ಬಿಡುತ್ತ ರಂಗದ ಮೇಲೆ ಕಾಲಿಟ್ಟ.

ನಟನಿಗೆ ಕಂಡದ್ದು ಆ ಕೆಂಪು ಮುಖ, ಕೇಳಿಸಿದ್ದು ಆ ಹಳೆಯ ಕೂಗು. ಇಷ್ಟು ದಿನ ಕಾದ ಮೌನವನ್ನು ಈ ಮನುಷ್ಯ ಕೆಡಿಸಿದನಲ್ಲ ಎಂದು ಅವನಿಗೆ ಸಿಟ್ಟು ಬಂತು. ಇಷ್ಟು ದಿನ ಒಮ್ಮೆಯೂ ವೇಷ ಬಿಟ್ಟು ಮಾತಾಡದವನು ಅಂದು ಎದ್ದು ಕುಳಿತ.

"ಯಜಮಾನರೇ, ಕೆಳಗೆ ಇಳಿಯಿರಿ. ನಿಮಗೆ ಬೇಡವಾದರೆ ಬೇಡ, ಕೇಳುವವರಿಗಾದರೂ ಬಿಡಿ."

ಜನ ಹೋ ಎಂದು ಅವನ ಪರವಾಗಿ ಕೂಗಿದರು. ಯಾರೋ ಇಬ್ಬರು ವ್ಯಾಪಾರಿಯ ರಟ್ಟೆ ಹಿಡಿದರು. ಅವನು ಬಿಡಿಸಿಕೊಳ್ಳಲಿಲ್ಲ, ಬೈಯಲಿಲ್ಲ. ನಟನನ್ನು ಮೇಲಿಂದ ಕೆಳಗೆ ನೋಡಿದ. ಅವನ ಭಾರಿ ಗಂಟಲು ಮೊದಲ ಸಲ ತಗ್ಗಿತ್ತು.

"ನಿನಗೆ ಏಳಕ್ಕೆ ಆಗುತ್ತಾ? ಆಗಲ್ಲ ಅಂದ್ಕೊಂಡಿದ್ದೆನಲ್ಲೋ" ಎಂದ.

ಉತ್ತರೀಯದೊಳಗಿದ್ದುದನ್ನು ಕಂಬದ ಬುಡದಲ್ಲಿಟ್ಟು ಇಳಿದು ಹೋದ.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಕಡೆಯವನೂ ಹೊರಗೆ ಹೋದ ಮೇಲೆ ನಟ ಕಂಬದ ಹತ್ತಿರ ಬಂದ. ಅಲ್ಲಿ ಒಂದು ತಾಮ್ರದ ಚೊಂಬು ಇತ್ತು. ಚೊಂಬಿನ ತುಂಬ ನೀರು. ಬಾಯಿಗೆ ಎಲೆ ಮುಚ್ಚಿ, ಎಲೆಯ ಮೇಲೆ ಒಂದು ಚೂರು ಬೆಲ್ಲ ಇಟ್ಟಿತ್ತು. ಬಾಗಿಲಿಗೆ ಬಂದವರಿಗೆ ಬೆಲ್ಲ ಕೊಟ್ಟು ನೀರು ಕೊಡುವುದು ಆ ಸೀಮೆಯ ಪದ್ಧತಿ. ಬರಿಯ ನೀರು ಯಾರಿಗಾದರೂ ಕೊಟ್ಟಾರು. ಬೆಲ್ಲ ಇಡುವುದು ಮನೆಗೆ ಬಂದವನಿಗೆ ಮಾತ್ರ.

ನಟ ಬಣ್ಣದ ಮೋರೆಯಲ್ಲಿಯೇ ಬೀದಿಗೆ ಓಡಿದ. "ಬೆಲ್ಲದ ವ್ಯಾಪಾರಿ ಯಾವ ಕಡೆ ಹೋದರು?" ಎಂದು ಪಾನಕದವನನ್ನು ಕೇಳಿದ.

"ಯಾವ ಬೆಲ್ಲದ ವ್ಯಾಪಾರಿ, ಸ್ವಾಮಿ? ಬೆಲ್ಲದ ಅಂಗಡಿಗಳದೇ ಮೂರು ಬೀದಿ ಇದೆ. ಹೆಸರು ಹೇಳಿ."

ನಟನಿಗೆ ಹೆಸರು ಗೊತ್ತಿರಲಿಲ್ಲ. ದಿನವೂ ಬಂದವನ ಹೆಸರನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಆ ಬೀದಿಗಳಲ್ಲಿ ಬಾಗಿಲು ಬಾಗಿಲು ತಟ್ಟುತ್ತ ಹೋದ. ಬಾಗಿಲು ತೆರೆದವರು ದೀಪ ಎತ್ತಿ ಬಣ್ಣದ ಮೋರೆ ನೋಡಿದರು. "ಅದೇ ದಾರಿಹೋಕ! ಅದೇ ನಟ! ನೋಡ್ರೇ, ನಮ್ಮ ಬಾಗಿಲಿಗೇ ಬಂದಿದ್ದಾನೆ!" ಎಂದು ಮನೆಯವರನ್ನು ಕರೆದರು. ಅವನು ಅಳುತ್ತ ಕೇಳಿದಷ್ಟೂ ಅವರು ತಲೆದೂಗಿದರು. ಕೆಲವರು ಚಪ್ಪಾಳೆ ತಟ್ಟಿದರು.

ತಿರುಗಿ ಉಗ್ರಾಣಕ್ಕೆ ಬಂದಾಗ ಮದ್ದಳೆಯವನು ಒಬ್ಬನೇ ಕಾಯುತ್ತಿದ್ದ. ನಟ ಬೆಲ್ಲ ಬಾಯಿಗಿಟ್ಟುಕೊಂಡು ನೀರು ಕುಡಿದ. ಅವನು ಬೇಡಿದ್ದನ್ನು ದೇವರು ಬೇಡಿದ ಹಾಗೆಯೇ ಕಳಿಸಿದ್ದ. ಮಂಗಳ ಹಾಡಲು ಎದ್ದು ನಿಂತ. ಮದ್ದಳೆಯವನು ಪೆಟ್ಟು ಹಾಕಿದ. ಎದುರಿಗೆ ಖಾಲಿ ಹಲಗೆಗಳು. ಆ ಹಾಡಿಗೆ ಎದುರು ಒಬ್ಬರಾದರೂ ಎದ್ದು ನಿಂತು ದನಿಗೂಡಿಸಬೇಕು. ನಟನ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಒಳಗೆ ಗರ್ಭಗುಡಿಯ ದೀಪ ಸಣ್ಣಗೆ ಉರಿಯುತ್ತಿತ್ತು.

ಸೋಮಲಿಂಗನು ತಡೆಯಲಾರದೆ ಕೇಳಿದ: "ಆಮೇಲೆ ಏನಾಯಿತು ಗುರುಗಳೇ? ಆ ನಟ ಊರು ಬಿಟ್ಟನೇ, ಉಳಿದನೇ?"

ಗುರುಗಳು ಅವನ ಹೆಗಲ ಮೇಲೆ ಕೈ ಇಟ್ಟರು.

"ಅದಿರಲಿ ಮಗು, ಇವತ್ತು ನೀನು ಹೊರಗೆ ಕಳಿಸಿದೆಯಲ್ಲ, ಆ ಮುದುಕನ ಮನೆ ಯಾವ ಬೀದಿಯಲ್ಲಿದೆ?"

"ನಾನು ಕೇಳಿಯೇ ಇಲ್ಲ ಗುರುಗಳೇ" ಎಂದು ಸೋಮಲಿಂಗನು ಎದ್ದು ನಿಂತ.