ಬಿಚ್ಚದೆ ಉಳಿದ ಗಂಟು

ಬಾ, ಕಾಲು ಒಳಗೆ ಎಳ್ಕೊ, ಸರಿಯಾಗಿ ಹೊದ್ಕೊ. ಚಿಕ್ಕಮ್ಮನ ಹೊಟ್ಟೆ ನೋಡಿ, ಪಾಪು ಹೆಂಗೆ ಬರುತ್ತೆ, ಚಿಕ್ಕಮ್ಮಂಗೆ ನೋವಾಗಲ್ವಾ ಅಂತ ಬೆಳಗಿಂದ ನನ್ನ ತಲೆ ತಿಂದ್ಯಲ್ಲ, ಅದಕ್ಕೇ ಈ ಕತೆ. ಒಂದಾನೊಂದು ಕಾಲದಲ್ಲಿ, ನಾನೂ ಇಲ್ಲ ನಮ್ಮಜ್ಜಿನೂ ಇಲ್ಲ, ಅಂಥ ಕಾಲದಲ್ಲಿ ಒಂದು ನೇಕಾರರ ಮನೆ ಇತ್ತಂತೆ. ಆ ಮನೇಲಿ ಚನ್ನಾಜಮ್ಮ ಅಂತ ಅತ್ತೆ, ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು. ಕಡೇ ಸೊಸೆ ಹೆಸರು ತೊಳಸಿ. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ, ಥೇಟ್ ನಿನ್ನ ಹಂಗೇ.

ಆ ಮನೆಯವರು ವರ್ಷಾವರ್ಷ ಬನಶಂಕರಮ್ಮನಿಗೆ ಒಂದು ಕೆಂಪು ರೇಷ್ಮೆ ಸೀರೆ ನೇದು ಉಡಿಸ್ತಿದ್ರಂತೆ. ಹಿಂದೆ ಯಾವಾಗಲೋ ಆ ಸೀರೆ ಮಗ್ಗದ ಮೇಲಿದ್ದಾಗ ಮನೆ ಸೊಸೆ ಒಬ್ಬಳು ಹೆರಿಗೆ ನೋವಲ್ಲಿ ಕೂಗಿದಳಂತೆ, ಅದೇ ಹೊತ್ತಿಗೆ ಮಗ್ಗದ ಮೇಲಿನ ಎಳೆಗಳು ಪಟಪಟ ಅಂತ ಕಿತ್ತು ಹೋದವಂತೆ. ಇಲಿ ಕಡಿದಿತ್ತೋ ಏನೋ, ಯಾರು ಕಂಡ್ರು? ಪಾಪ, ತಪ್ಪೆಲ್ಲ ಹೆತ್ತವಳ ತಲೆ ಮೇಲೆ ಬಂತು. ಆವತ್ತೇ ಆ ಹಾಳಾದ ಸೀರೆಯಿಂದ ಒಂದು ಪಟ್ಟಿ ಹರಿದು ಪೆಟ್ಟಿಗೇಲಿ ಇಟ್ಟುಬಿಟ್ರು. ಕೂಗಿದ್ರೆ ಎಳೆ ಕಿತ್ತು ಹೋಗುತ್ತೆ ಅಂತ, ಮನೇಲಿ ಯಾರಿಗೇ ಹೆರಿಗೆ ನೋವು ಬಂದ್ರೂ ಆ ಪಟ್ಟೀನ ಅವಳ ಬಾಯಿಗೆ ಕಟ್ಟಿ, ತಲೆ ಹಿಂದೆ ಗಂಟು ಹಾಕೋದು. ಚನ್ನಾಜಮ್ಮ ಹಂಗೇ ಹೆತ್ತಳು, ದೊಡ್ಡ ಸೊಸೆ ಹಂಗೇ ಹೆತ್ತಳು, ನಡುವಿನವಳೂ ಹಂಗೇ ಹೆತ್ತಳು.

ತೊಳಸಿಗೆ ದಿನ ತುಂಬ್ತಾ ಬಂದ ಹಂಗೆ ನಗು ಕಮ್ಮಿ ಆಯ್ತಂತೆ. ಮುಳ್ಳು ಚುಚ್ಚಿದ್ರೇ ಬೀದಿಗೆಲ್ಲ ಕೇಳೋ ಹಂಗೆ ಕೂಗೋಳು ನಾನು, ಬಾಯಿ ಕಟ್ಟಿಸ್ಕೊಂಡು ಅಷ್ಟು ನೋವು ಹೆಂಗೆ ತಡ್ಕೊಳ್ಳಲಿ, ಸತ್ತೇ ಹೋಗ್ತೀನಿ ಅಂತ ಒಬ್ಬಳೇ ಕೂತು ಅಳ್ತಿದ್ಳಂತೆ. ಆಮೇಲೆ ಒಂದಿನ ಹಿತ್ತಿಲಲ್ಲಿ ಅಳ್ತಾ ಕೂತಿದ್ದಾಗ ಆ ಮನೇಲಿದ್ದ ಕೆಂದಿ ಅನ್ನೋ ಹಸು ಮಾತಾಡ್ತಂತೆ. ಆಗ ಹಸುಗಳು ಮಾತಾಡ್ತಿದ್ವು, ಮಧ್ಯ ಬಾಯಿ ಹಾಕಬೇಡ. ನನ್ನ ಗಂಗೆದೊಗಲು ತುರಿಸು ಮಗಳೇ, ಒಂದು ಮಾತು ಹೇಳ್ತೀನಿ ಅಂತು. ಇವಳು ಕತ್ತಿನ ಕೆಳಗೆ ಚೆನ್ನಾಗಿ ತುರಿಸಿದಳು. ಹಸು ಹೇಳ್ತಂತೆ, ಕರು ಹಾಕೋ ಹೊತ್ತಲ್ಲಿ ನಾನು ಸುಮ್ಮನೆ ಬಿದ್ದುಕೊಂಡಿರೋದನ್ನ ನೋಡಿದ್ದೀಯಾ? ಏಳ್ತೀನಿ, ತಿರುಗ್ತೀನಿ, ಹಗ್ಗ ಇದ್ದಷ್ಟು ಓಡಾಡ್ತೀನಿ. ನೀನೂ ಚಾಪೆಗೆ ಅಂಟ್ಕೋಬೇಡ, ಓಡಾಡು, ಕಂಬ ಹಿಡ್ಕೊಂಡು ಕುಕ್ಕರಗಾಲಲ್ಲಿ ಕೂತ್ಕೊ ಅಂತ.

ಆಮೇಲೆ ಕೈ ತೊಳೆಯೋಕೆ ಬಚ್ಚಲಿಗೆ ಬಂದ್ರೆ ಅಲ್ಲಿ ಹಂಡೆ ಮಾತಾಡ್ತಂತೆ. ನನ್ನ ಒಳಗೆ ಕಿಟ್ಟ ಕಟ್ಟಿದೆ, ಉಜ್ಜಮ್ಮ ಅಂತು. ಇವಳು ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಂಗೆ ಉಜ್ಜಿದಳು. ಹಂಡೆ ಹೇಳ್ತು, ನೋವು ಸೊಂಟಕ್ಕೆ ಬಂದಾಗ ನನ್ನ ಮರೀಬೇಡ, ಹದವಾದ ಬಿಸಿನೀರು ಬೆನ್ನ ಮೇಲೆ ಹುಯ್ಯಿಸ್ಕೊ, ಆಮೇಲೆ ಯಾರ ಕೈಲಾದ್ರೂ ಸೊಂಟ ಒತ್ತಿಸ್ಕೊ ಅಂತ.

ಆಮೇಲೆ ಒಳಗೆ ಬಂದಳು, ಮಗ್ಗದ ಲಾಳಿ ಕರೀತಂತೆ. ಲಾಳಿ ಗೊತ್ತಲ್ಲ, ಎಳೆ ಹೊತ್ಕೊಂಡು ಆ ಕಡೆಯಿಂದ ಈ ಕಡೆಗೆ ಓಡುತ್ತಲ್ಲ, ಅದು. ನಂಗೊಂದು ತೊಟ್ಟು ಎಣ್ಣೆ ಹಚ್ಚೇ ಅಂತು, ಹಚ್ಚಿದಳು. ನೋಡು ತೊಳಸಿ, ನಾನು ಬರ್ತೀನಿ, ಹೋಗ್ತೀನಿ. ನಿನ್ನ ನೋವೂ ಹಂಗೇ, ಬಂದದ್ದು ನಿಲ್ಲಲ್ಲ, ಹೋಗೇ ಹೋಗುತ್ತೆ. ಬಂದಾಗ ಉದ್ದಕ್ಕೆ ಉಸಿರು ಬಿಡು, ಹೋದಾಗ ಮೈ ಸಡಿಲ ಬಿಟ್ಟು ಕೂತ್ಕೊ. ಇಡೀ ಸೀರೆ ನೆನೆಸ್ಕೊಂಡು ಹೆದರಬೇಡ, ಕೈಯಲ್ಲಿರೋ ಎಳೆ ಒಂದನ್ನ ನೋಡು ಅಂತು. ಅಯ್ಯೋ, ಬಾಯಿಗೆ ಕಟ್ಟೋ ಪಟ್ಟಿಗೇನು ಮಾಡ್ಲಿ ಅಂತ ಇವಳು ಕೇಳಿದ್ರೆ, ಅದು ಮನುಷ್ಯರು ಹಾಕಿದ ಗಂಟು, ನಂಗೆ ಗೊತ್ತಾಗಲ್ಲ ಅಂದುಬಿಡ್ತಂತೆ.

ನಿದ್ದೆ ಬಂತೇನೇ? ಇಲ್ವಾ? ಸರಿ, ಕೇಳು.

ಒಂದಿನ ಬೆಳಿಗ್ಗೆ ಬಿಸಿಲು ಏರೋ ಹೊತ್ತಿಗೆ ತೊಳಸಿಗೆ ನೋವು ಶುರುವಾಯ್ತಂತೆ. ಮಗ್ಗದ ಮೇಲೆ ಅಮ್ಮನವರ ಸೀರೆ ಅರ್ಧ ಆಗಿತ್ತು. ಚನ್ನಾಜಮ್ಮ ಪೆಟ್ಟಿಗೆ ತೆಗೆದು, ಪಟ್ಟಿ ತಂದು ಸೊಸೆ ಬಾಯಿಗೆ ಕಟ್ಟಿದಳು. ಇವಳು ಮಲಗಲಿಲ್ಲ, ಪಡಸಾಲೇಲಿ ಓಡಾಡಿದಳು, ಓಡಾಡ್ತಾ ಓಡಾಡ್ತಾ ನೋವು ಸ್ವಲ್ಪ ಹಗುರಾಯ್ತು. ಆಮೇಲೆ ನೋವು ಇನ್ನೂ ಜೋರಾಗಿ ಸೊಂಟಕ್ಕೆ ಬಂತು, ಬಚ್ಚಲಿಗೆ ಹೋಗಿ ಕೂತಳು, ದೊಡ್ಡ ಸೊಸೆ ಬಿಸಿನೀರು ಹುಯ್ದಳು, ನಡುವಿನವಳು ಸೊಂಟ ಒತ್ತಿದಳು, ಆಹಾ ಅನ್ನಿಸ್ತು. ಆಮೇಲೆ ಅದಕ್ಕಿಂತ ಜೋರಾಗಿ ಬಂತು, ಕಂಬ ಹಿಡ್ಕೊಂಡು ಕೂತಳು. ಆಚೆ ಗಂಡ ನೇಯ್ತಿದ್ದ, ಲಾಳಿ ಸದ್ದು ಕೇಳ್ತಿತ್ತು, ಆ ಸದ್ದಿಗೆ ಸರಿಯಾಗಿ ಮೂಗಲ್ಲೇ ಉಸಿರು ಬಿಡ್ತಾ ಅದನ್ನೂ ದಾಟಿದಳಂತೆ.

ಆದ್ರೆ ಕೂಸು ಬರಲಿಲ್ಲ. ಬಂದ ಹಂಗೆ ಮಾಡುತ್ತೆ, ನಿಲ್ಲುತ್ತೆ. ತೊಳಸಿ ಮುಖ ಬಾಡಿ ಹೋಯ್ತು, ಕಣ್ಣಲ್ಲಿ ನೀರು ಸುರೀತಿತ್ತು. ಆ ಸೀಮೇಲಿ ಒಂದು ಪದ್ಧತಿ ಇತ್ತಂತೆ, ಹೆರಿಗೆ ತಡ ಆದ್ರೆ ಮನೇಲಿ ಇರೋ ಗಂಟೆಲ್ಲ ಬಿಚ್ಚಬೇಕು, ಬೀಗ ಎಲ್ಲ ತೆಗೀಬೇಕು. ಚನ್ನಾಜಮ್ಮ ಮನೆಯವರನ್ನೆಲ್ಲ ಗಂಟು ಬಿಚ್ಚೋಕೆ ಓಡಿಸಿದಳು. ಪೆಟ್ಟಿಗೆ ಬೀಗ ತೆಗೆದ್ರು, ಕೆಂದಿ ಹಗ್ಗ ಬಿಚ್ಚಿದ್ರು, ಅಕ್ಕಿ ಮೂಟೆ ಬಾಯಿ ಬಿಚ್ಚಿದ್ರು, ಹೆಂಗಸರು ತುರುಬು ಬಿಚ್ಚಿದ್ರು. ಮಾವ ಅಂತೂ ಜುಟ್ಟು ಬಿಚ್ಕೊಂಡು ಬಾಗಿಲಲ್ಲಿ ದೆವ್ವದ ಹಂಗೆ ನಿಂತಿದ್ನಂತೆ. ಆದ್ರೂ ಕೂಸು ಬರಲಿಲ್ಲ. ಇನ್ನೆಲ್ಲಿ ಉಳೀತಪ್ಪಾ ಗಂಟು, ಹುಡುಕ್ರೋ, ಮೂಲೆ ಮೂಲೆ ಹುಡುಕ್ರೋ ಅಂತ ಚನ್ನಾಜಮ್ಮ ಗೋಳಾಡ್ತಾ ಇದ್ಳು.

ಆಗ ತೊಳಸಿ ಏನು ಮಾಡಿದಳು ಗೊತ್ತಾ? ಅತ್ತೆ ಕೈ ಹಿಡಿದು ಎಳೆದು, ತನ್ನ ತಲೆ ಹಿಂದೆ ಇಟ್ಟಳಂತೆ. ಅಲ್ಲಿತ್ತು ಗಂಟು.

ಚನ್ನಾಜಮ್ಮನ ಕೈ ಅಲ್ಲೇ ನಿಂತುಬಿಡ್ತು. ಬಿಚ್ಚಿದ್ರೆ ಇವಳು ಕೂಗ್ತಾಳೆ, ಕೂಗಿದ್ರೆ ಅಮ್ಮನವರ ಸೀರೆ ಹೋಗುತ್ತೆ, ಬಿಚ್ಚದಿದ್ರೆ ಇವಳೇ ಹೋಗ್ತಾಳೇನೋ. ತನ್ನ ತಲೆ ಹಿಂದೆನೂ ಇದೇ ಜಾಗದಲ್ಲಿ ಈ ಗಂಟು ಎಳೀತಿತ್ತಲ್ಲ ಅಂತ ನೆನಪಾಯ್ತು. ಹಾಳಾಗಿ ಹೋಗ್ಲಿ ಸೀರೆ, ಇನ್ನೊಂದು ನೇಯೋಣ, ಬನಶಂಕರಮ್ಮನೂ ಹೆಣ್ಣಲ್ವಾ, ಅವಳಿಗೆ ಅರ್ಥ ಆಗದೇ ಇರುತ್ತಾ ಅಂದವಳೇ ಗಂಟು ಬಿಚ್ಚಿದಳು. ಕೂಗೇ ನನ್ನವ್ವಾ, ಎಷ್ಟು ಬೇಕೋ ಅಷ್ಟು ಕೂಗು ಅಂದಳು.

ತೊಳಸಿ ಕೂಗಿದಳು. ಕಿರುಚಾಟ ಅಲ್ಲ ಕಣೇ, ಹೊಟ್ಟೆ ಒಳಗಿಂದ ಹಸು ಅಂಬಾ ಅಂದ ಹಂಗೆ ಉದ್ದಕ್ಕೆ, ದಪ್ಪಗೆ. ಅವಳ ದವಡೆ ಸಡಿಲ ಆಯ್ತು, ಭುಜ ಸಡಿಲ ಆಯ್ತು, ಮೈಯೆಲ್ಲ ಸಡಿಲ ಆಯ್ತು. ಅತ್ತೆ ಹಿಂದಿಂದ ತಬ್ಬಿ ಹಿಡ್ಕೊಂಡಿದ್ಳು. ಇನ್ನೊಂದು ಸಲ ಕೂಗಿದಳು, ಮತ್ತೂ ಒಂದು ಸಲ ಕೂಗೋ ಹೊತ್ತಿಗೆ ಕೂಸೇ ಅಮ್ಮನಿಗಿಂತ ಜೋರಾಗಿ ಕೂಗ್ತಂತೆ. ಹೆಣ್ಣುಕೂಸು. ಎಲ್ಲರಿಗೂ ಹೋದ ಜೀವ ಬಂದ ಹಂಗಾಯ್ತು.

ಆಮೇಲೆ ಚನ್ನಾಜಮ್ಮ ಮಗ್ಗದ ಹತ್ರ ಓಡಿದಳು. ಮಗ ಲಾಳಿ ಹಿಡ್ಕೊಂಡು ಕಲ್ಲಿನ ಹಂಗೆ ಕೂತಿದ್ದ. ಅವಳು ಬಗ್ಗಿ, ಒಂದೊಂದೇ ಎಳೆ ಬೆರಳಲ್ಲಿ ಮುಟ್ಟಿ ನೋಡಿದಳು. ಒಂದೂ ಕಿತ್ತಿರಲಿಲ್ಲ.

ಒಂದೂ ಕಿತ್ತಿರಲಿಲ್ಲ ಕಣೇ! ಅದನ್ನ ನೋಡಿ ಆ ಮುದುಕಿಗೆ ನಗು ಬಂತೋ ಅಳು ಬಂತೋ ತಿಳೀಲಿಲ್ಲ. ಸೀದಾ ಹಿತ್ತಿಲಿಗೆ ಹೋದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ತನ್ನ ಮೂರು ಹೆರಿಗೇಲಿ ನುಂಗ್ಕೊಂಡಿದ್ದ ಮೂರು ಕೂಗನ್ನ ಒಂದಾದ ಮೇಲೊಂದು ಕೂಗಿಬಿಟ್ಟಳಂತೆ. ಅದನ್ನ ಕೇಳಿ ದೊಡ್ಡ ಸೊಸೆ ಬಂದು ಪಕ್ಕದಲ್ಲಿ ನಿಂತು ತನ್ನದೂ ಕೂಗಿದಳು, ನಡುವಿನವಳು ಬಂದು ಅವಳೂ ಕೂಗಿದಳು. ಕೆಂದಿ ಮೇವು ಬಿಟ್ಟು ತಿರುಗಿ ನೋಡ್ತಂತೆ. ಬೀದಿಯವರು ಓಡಿ ಬಂದು ಏನಾಯ್ತ್ರೇ ಅಂತ ಕೇಳಿದ್ರೆ, ಏನೂ ಇಲ್ಲ, ನಮಗೂ ಈಗ ಹೆರಿಗೆ ಆಯ್ತು ಅಂದ್ರಂತೆ.

ಆಮೇಲೆ ಆ ಪಟ್ಟೀನ ಕತ್ತರಿಸಿ ಕೂಸಿಗೆ ಕುಲಾವಿ ಹೊಲಿದ್ರು. ಅಮ್ಮನವರು ಹೊಸ ಸೀರೆ ಉಟ್ರು, ಕೂಸು ಕೆಂಪು ಕುಲಾವಿ ಹಾಕ್ಕೊಂಡು ತೊಟ್ಟಿಲಲ್ಲಿ ಮಲಗ್ತು, ತೊಳಸಿ ಮೊದಲಿನ ಹಂಗೇ ಬೀದಿಗೆಲ್ಲ ಕೇಳೋ ಹಂಗೆ ನಕ್ಕೊಂಡಿದ್ಳಂತೆ. ನಿಮ್ಮ ಚಿಕ್ಕಮ್ಮನ ಹತ್ರ ನಾನಿರ್ತೀನಿ, ಬಿಸಿನೀರು ಇರುತ್ತೆ, ಸೊಂಟ ಒತ್ತೋಕೆ ನಿಮ್ಮಮ್ಮ ಇರ್ತಾಳೆ. ಅವಳು ಕೂಗಿದ್ರೆ ನೀನು ಹೆದರಬೇಡ. ಅಲ್ಲಿಗೆ ಕತೆ ಗಂಟೂ ಬಿಚ್ಚಾಯ್ತು, ಕತೆ ಮುಗೀತು, ನನ್ನ ಸೆರಗು ಬಿಟ್ಟು ಮಲಕ್ಕೊ.