ಕದ್ರಯ್ಯ ಅಸಲಿ ಶಂಖ ತಂದದ್ದು

ತಲೆ ಇದ್ದೋರೆಲ್ಲ ಇತ್ತ ಬನ್ರಪ್ಪ, ತಲೆ ಇಲ್ಲದೋನ ಕತೆ ಹೇಳ್ತೀನಿ.

ಒಂದೂರಲ್ಲಿ ತಿರುಮಳವ್ವ ಅಂತ ದಾಸಯ್ಯನ ಹೆಂಡ್ತಿ. ತಿಮ್ಮಪ್ಪನ ಗುಡೀಲಿ ಶಂಖ ಊದೋ ಹಕ್ಕು ಅವರ ಮನೇದು. ಗಂಡ ಸತ್ತ, ಅವನ ಶಂಖವೂ ಒಡೀತು. ಉಳಿದೋನು ಮಗ ಕದ್ರಯ್ಯ. ಮೂವತ್ತು ವರ್ಷದ ಕೋಣ! ಎಮ್ಮೆ ಕಟ್ಟೋ ಅಂದ್ರೆ, "ಇಟ್ಟಿಗೇಲಾ, ಕಲ್ಲಲ್ಲಾ?" ಅಂತ ಕೇಳೋನು.

ಗೌಡ ಬಂದು ಗದರಿದ. "ಶ್ರಾವಣದ ಕೊನೇ ಶನಿವಾರ ನಿನ್ನ ಮಗ ಶಂಖ ಊದ್ಬೇಕು. ಇಲ್ಲಾಂದ್ರೆ ಹಕ್ಕು ಪಕ್ಕದೂರ ದಾಸಯ್ಯನಿಗೆ!"

ತಿರುಮಳವ್ವ ಮಗನ್ನ ಕರೆದ್ಲು. "ಮಗಾ, ಸಂತೆಗೆ ಹೋಗಿ ಶಂಖ ತಾ. ನಕಲಿ ತಂದೀಯ! ಕಿವಿಗಿಟ್ಕೊ, ಭೋರ್ ಅಂದ್ರೆ ಅಸಲಿ."

ಹೋದ. ಸಂತೇಲಿದ್ದದ್ದನ್ನೆಲ್ಲ ಕಿವಿಗಿಟ್ಕೊಂಡ. ಕುಂಬಳಕಾಯಿ ಸುಮ್ಮನಿತ್ತು. ಗಡಿಗೆ ಭೋರ್ ಅಂತು. ಗಡಿಗೆ ತಂದ!

"ಅಯ್ಯೋ ನಿನ್ನ ಮೂತಿಗಿಷ್ಟು! ಶಂಖ ಸಮುದ್ರದಾಗೆ ಹುಟ್ಟಿದ್ದು ಕಣೋ. ಉಪ್ಪುನೀರಿಗೆ ಹಾಕ್ನೋಡು. ಸುಣ್ಣದ ಗಚ್ಚಲ್ಲಿ ಮಾಡಿದ ನಕಲಿ ಕರಗ್ತದೆ, ಅಸಲಿ ಕರಗಲ್ಲ."

"ಹೂಂ ಕಣವ್ವ!"

ಹೋದ. ಉಪ್ಪುನೀರಿಗೆ ಬೆಲ್ಲ ಹಾಕ್ದ, ಕರಗ್ತು. "ಥೂ, ನಕಲಿ!" ಗುಂಡುಕಲ್ಲು ಹಾಕ್ದ, ಕರಗಲಿಲ್ಲ. ತಲೆ ಮೇಲೆ ಹೊತ್ಕೊಂಡು ಏದುಸಿರು ಬಿಡ್ತಾ ಬಂದ. "ಅವ್ವಾ, ಅಪ್ಪಟ ಅಸಲಿ!"

"ಕಲ್ಲಿಗೂ ನಿನಗೂ ಏನು ಫರಕು ಅಂತ ಹೇಳಲಿ? ಶಂಖ ಬೆಳ್ಳಗಿರ್ತದೆ, ದಪ್ಪ ಹೊಟ್ಟೆ, ಅಗಲ ಬಾಯಿ! ಊದಿದ್ರೆ ಊರಿಗೆಲ್ಲ ಕೇಳೋ ಹಂಗೆ ಕೂಗ್ತದೆ!"

"ಮುಂಚೇನೇ ಹೇಳ್ಬಾರದೇನವ್ವಾ!"

ಹೋದ. ಕೆರೆ ಏರಿ ಮೇಲೆ ಮಡಿವಾಳರ ಕತ್ತೆ ನಿಂತಿತ್ತು. ಬೆಳ್ಳಗಿದೆ. ಹೊಟ್ಟೆ ದಪ್ಪ. ಬಾಯಿ ಅಗಲ. ಕಿವಿಗೆ ಬಾಯಿಟ್ಟು ಫೂ ಅಂತ ಊದಿದ. ಕತ್ತೆ ಊರಿಗೆಲ್ಲ ಕೇಳೋ ಹಂಗೆ ಕೂಗ್ತು. ಹಿಡ್ಕೊಂಡು ಬಂದ!

ತಿರುಮಳವ್ವ ಕತ್ತೆ ಮುಖ ನೋಡಿದ್ಲು, ಮಗನ ಮುಖ ನೋಡಿದ್ಲು. ಕತ್ತೇನೇ ವಾಸಿ ಅನ್ನಿಸ್ತು. ಕಿವಿಯೋಲೆ ಬಿಚ್ಚಿ ಮಾರಿ, ತಾನೇ ಸಂತೆಗೆ ಹೋಗಿ, ಹಾಲಿನಂಥ ಶಂಖ ತಂದ್ಲು. ತುದಿ ಕೊಯ್ದದ್ದು, ಊದೋ ಶಂಖ.

"ತಗೋ. ಶುದ್ಧವಾಗಿ ತೊಳೆದಿಡು. ಅಷ್ಟು ಮಾಡು, ಸಾಕು."

ತೊಳೆಯೋಕೆ ನೀರು ತುಂಬಿದ. ತುದೀಲಿ ಸೊರ್ ಅಂತ ಸೋರ್ತು. "ಅಯ್ಯೋ, ಸಂತೆಯೋನು ಅವ್ವನಿಗೆ ತೂತಿನ ಮಾಲು ಕೊಟ್ಟು ಮೋಸ ಮಾಡವ್ನೆ!" ಅರಗು ಕಾಯಿಸಿ ತೂತಿಗೆ ಗಟ್ಟಿಯಾಗಿ ಮೆತ್ತಿದ.

ಶನಿವಾರ ಬಂತು. ಊರೆಲ್ಲ ಕೈ ಮುಗಿದು ನಿಂತಿದೆ. ಕದ್ರಯ್ಯ ಊದಿದ. ಕೆನ್ನೆ ಉಬ್ಬಿತು, ಕಣ್ಣು ಹೊರಗೆ ಬಂತು, ಶಂಖ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ.

"ಏನೋ ಮಾಡ್ದೆ ಅದಕ್ಕೆ?" ಅಂದ ಗೌಡ.

"ಸೋರ್ತಿತ್ತು ಗೌಡ್ರೆ, ಮುಚ್ಚಿದೆ! ಈಗ ಒಂದು ಹನೀನೂ ಸೋರಲ್ಲ!"

ಊರೆಲ್ಲ ಗೊಳ್ ಅಂತು. ತನ್ನ ಶಂಖ ಹಿಡ್ಕೊಂಡು ಅಲ್ಲೇ ಕಾದಿದ್ದ ಪಕ್ಕದೂರ ದಾಸಯ್ಯನಿಗೆ ಗೌಡ ಸನ್ನೆ ಮಾಡ್ದ. ಅವನು ಊದಿದ ಏಟಿಗೆ ಗುಡಿ ಗೋಪುರವೇ ಗುಂಯ್ ಅಂತು. ಹಕ್ಕು ಹೋಯ್ತು. ತಿರುಮಳವ್ವ ಬರಿಗಿವಿ ಮುಟ್ಕೊಂಡು ಅಳ್ತಾ ಕೂತ್ಲು.

ಕದ್ರಯ್ಯ ಅವಳ ಭುಜ ಅಲುಗಿಸಿದ. "ಅಳಬೇಡ ಕಣವ್ವ! ಅವನದೂ ತೂತು! ಗಾಳಿ ಸೋರ್ತಾ ಅದೆ, ಅದಕ್ಕೇ ಹಂಗೆ ಅರಚ್ತದೆ. ಪಾಪ!"

ಅಂದೋನೇ, ಮಿಕ್ಕ ಅರಗು ಸೊಂಟದಿಂದ ತೆಗೆದು, ದೀಪದಲ್ಲಿ ಕಾಯಿಸ್ಕೊಂಡು, ಆ ದಾಸಯ್ಯನ ಕಡೆಗೆ ಓಡಿದ.