ಗುರುಶಾಂತನ ಯುರೋಪ್ ಸೈಕಲ್ ಸವಾರಿ

ಸುಮ್ನ ಕೂಡ್ರಿ, ಹೇಳ್ತೀನಿ. ನಡುವ ಬಾಯಿ ಹಾಕಿದ್ರ ಎದ್ದು ಒಳಗ ಹೋಗಾಕಿ ನಾ, ಈಗ ಹೇಳೇನಿ!

ಬೆಟಗೇರಿಯೊಳಗ ಗಂಗವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಒಬ್ಬನ ಒಬ್ಬ ಮಗ, ಗುರುಶಾಂತ. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಕೈ ಚಲೋ, ಮನಸು ಚಲೋ, ತಲಿ ಮಾತ್ರ ಖಾಲಿ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ‘ಹಾಲು ಉಕ್ಕತದ, ನೋಡ್ಕೋ’ ಅಂತ ಗಂಗವ್ವ ಹೇಳಿ ಹೋದ್ರ, ಹಾಲು ಉಕ್ಕಿ ಒಲಿ ಆರೂತನಕ ನೋಡ್ಕೋತ ನಿಂತಿದ್ದ. ಹೆತ್ತವ್ವಗ ಹೆಗ್ಗಣ ಮುದ್ದು ಅಂತಾರ, ಖರೆ. ಆದ್ರ ಆ ಹೆಗ್ಗಣಕ್ಕ ಹೆಣ್ಣು ಕೊಡಾವ್ರು ಯಾರು?

ಕೊಟ್ರು! ಬಾಗಲಕೋಟಿ ಕಡೆ ದಾನೇಶ್ವರಿ ಅಂತ ಹುಡುಗಿ. ಸೈಕಲ್ ರೇಸಿನಾಗ ಗೆದ್ದು ಗೆದ್ದು ಮನಿ ತುಂಬ ಬಹುಮಾನದ ಕಪ್ ಇಟ್ಟಾಕಿ. ನೋಡಾಕ ಹೋದ ದಿನ ಆಕಿನ ಬಾಯಿ ಬಿಟ್ಟು ಹೇಳಿದ್ಲು: “ನಂಗ ಬಂಗಾರ ಬ್ಯಾಡ. ಮದುವಿ ಆದಮ್ಯಾಲ ಯುರೋಪಿನಾಗ ಸೈಕಲ್ ಮ್ಯಾಲ ಹನಿಮೂನ್ ಹೋಗೂದು. ಹೂಂ ಅನ್ರಿ!”

ಗುರುಶಾಂತ ಹೂಂ ಅಂದ. ಹೂಂ ಅನ್ರಿ ಅಂತ ಹೇಳಿದ್ಲಲ್ಲ!

ಮದುವಿ ಆತು. ಯುರೋಪಿಗೆ ಹೊಂಡೂ ದಿನ ಗಂಗವ್ವ ಮಗನ ರಟ್ಟಿ ಹಿಡಿದ್ಲು. “ತಮ್ಮಾ, ಇಂಥ ಹುಡುಗಿ ಮತ್ತ ಸಿಗೂದಿಲ್ಲ. ಆಕಿ ನಕ್ಕೋತ ವಾಪಸ್ ಬಂದ್ರ ನಿನ್ನ ಸಂಸಾರ ಉಳೀತು. ಅತ್ಕೋತ ಬಂದ್ರ ಸೀದಾ ತವರಮನಿಗೆ ಹೋಗ್ತಾಳ, ಮುಗೀತು! ಅದಕ್ಕ ಆಕಿ ಎಲ್ಲಿ ಹೋಗ್ತಾಳ, ನೀನೂ ಹಿಂದಿಂದ ಹೋಗು. ತಿಳೀತ?”

“ತಿಳೀತವ್ವ!”

ತಿಳಿದಿತ್ತು, ಮಣ್ಣು!

ಹಾಲೆಂಡ್ ದೇಶ ಮುಟ್ಟಿದ್ರು. ಎಲ್ಲಿ ನೋಡಿದ್ರೂ ನೀರು, ನೀರಿನ ದಂಡಿಗುಂಟ ಸೈಕಲ್ ದಾರಿ. ಮುಂದ ದಾನೇಶ್ವರಿ, ಹಿಂದ ಗುರುಶಾಂತ. ನಡುವ ಒಂದು ಬಾತುಕೋಳಿ ಅಡ್ಡ ಬಂತು. ಅದನ್ನ ಉಳಸಾಕ ಹೋಗಿ ದಾನೇಶ್ವರಿ ಸೈಕಲ್ ಸಮೇತ ಕಾಲುವಿಗೆ ಬಿದ್ಲು, ದುಡುಂ! ಗುರುಶಾಂತ ನೋಡಿದ. ಹ್ಯಾಂಡಲ್ ತಿರುವಿದ. ತಾನೂ ದುಡುಂ!

“ಅಯ್ಯ ನಿಮ್ಮ! ನೀವ್ಯಾಕ ಬಿದ್ರಿ?”

“ನೀ ಹೋದಲ್ಲಿ ಹೋಗು ಅಂದಾಳ ಅವ್ವ.”

“ಹಿಂಗ ಮಾಡೂದೇನ್ರೀ? ನೀರಾಗ ಯಾರರ ಕಂಡ್ರ ದಂಡಿ ಮ್ಯಾಲ ನಿಂತು ಬಾಯಿ ಮಾಡಬೇಕು, ಕೈ ಹಿಡಿದು ಮ್ಯಾಲ ಎಳೀಬೇಕು!”

“ಆತು, ಇನ್ನ ಹಂಗ ಮಾಡ್ತೀನಿ!”

ಮರುದಿನ ಒಂದು ಕೆರಿ ಬಂತು. ದಪ್ಪನ್ನ ಅಜ್ಜಪ್ಪ ಒಬ್ಬಾಂವ ಕಣ್ಣು ಮುಚ್ಚಿ ನೀರಿನ ಮ್ಯಾಲ ಆರಾಮ ತೇಲಾಕತ್ತಿದ್ದ. ಗುರುಶಾಂತ ಸೈಕಲ್ ಒಗದ. “ಬರ್ರೆಪ್ಪೋ, ಬರ್ರೋ! ಮುದುಕ ಮುಳುಗಿದೋ!” ಅಂತ ಕೆರಿ ಹಾರಿಹೋಗೂವಂಗ ಚೀರಿದ. ಕೈ ಹಿಡಿದು ದರದರ ದಂಡಿಗೆ ಎಳದ. ಅಜ್ಜಪ್ಪ ಬರೀ ಚಡ್ಡಿ ಮ್ಯಾಲ ನಿಂತು ಬೈದ, ಬೈದ, ಏನ್ ಬೈದ! ಬೈಗಳಕ್ಕ ಯಾವ ಭಾಷಾ ಆದ್ರೇನು, ತಿಳೀತಾವ.

ದಾನೇಶ್ವರಿ ಕೈ ಮುಗಿದು ಅಜ್ಜಪ್ಪನ್ನ ಕಳಿಸಿ, ಗಂಡನ ಕಡೆ ತಿರುಗಿದ್ಲು. “ಹಿಂಗ ಮಾಡೂದೇನ್ರೀ? ನೀರಾಗಿದ್ದವರನ್ನ ಕಂಡ್ರ ನಕ್ಕು ಕೈ ಬೀಸಿ, ‘ಭಾಳ ಚಲೋ, ಹಿಂಗ ಇರ್ರಿ’ ಅನಬೇಕು!”

“ಆತು, ಇನ್ನ ಹಂಗ ಅಂತೀನಿ!”

ಅಂದ ನೋಡ್ರಿ! ಜರ್ಮನಿಯೊಳಗ ಒಂದು ಸಣ್ಣ ಲಾಡ್ಜಿನಾಗ ವಸ್ತಿ ಮಾಡಿದ್ರು. ಮುಂಜಾನೆ ಎದ್ದು ನೋಡ್ತಾರ, ಪೈಪ್ ಒಡದು ಕೆಳಗಿನ ಖೋಲಿ ತುಂಬ ನೀರು. ಬಟಾಟಿ ಬುಟ್ಟಿ ತೇಲಾಕತ್ತಾವ, ಖುರ್ಚಿ ತೇಲಾಕತ್ತಾವ. ಲಾಡ್ಜಿನ ಯಜಮಾನ್ತಿ ಮೊಳಕಾಲ್ಮಟ ನೀರಾಗ ನಿಂತು ಅಳಾಕತ್ತಾಳ. ಗುರುಶಾಂತ ಮೆಟ್ಟಲ ಮ್ಯಾಲ ನಿಂತ. ಹಲ್ಲು ಕಿಸದ. ಕೈ ಬೀಸಿದ. “ಭಾಳ ಚಲೋ ಆತು! ದಿನಾ ಹಿಂಗ ಇರ್ರಿ!”

ಮಾತು ತಿಳೀಲಿಲ್ಲ ಆಕಿಗೆ. ನಗು ತಿಳೀತು. ಒದ್ದಿ ಬಟಾಟಿ ತಗೊಂಡು ಒಗದ್ಲು ನೋಡ್ರಿ, ಹಣಿಗೆ ಸರಿಯಾಗಿ! ಇಬ್ಬರ ಚೀಲಾನೂ ಹಿಂದಿಂದ ಹೊರಗ ಒಗದ್ಲು.

ಸಂಜೀಕ ಅವ್ವಗ ಫೋನ್ ಹಚ್ಚಿದ. ಗಂಗವ್ವ ಅಲ್ಲಿಂದನ ಹಣಿ ಹಣಿ ಬಡಕೊಂಡ್ಲು. “ಹುಚ್ಚಪ್ಯಾಲಿ! ಹಿಂಗ ಮಾಡೂದೇನಲೇ? ಮನ್ಯಾಗ ಹೆಣ್ಮಗಳು ಅಳಾಕತ್ತಿದ್ರ ನೀನೂ ಎರಡು ಹನಿ ಕಣ್ಣೀರು ಹಾಕಬೇಕು. ಇದ್ದ ಸಾಮಾನೆಲ್ಲ ಬಡಾಬಡಾ ಹೊರಗ ಸಾಗಸಬೇಕು! ಸೊಸಿ ಹೆಂಗಿದ್ದಾಳ?”

“ಮಾತಾಡವಲ್ಲಳವ್ವ.”

“ಅಯ್ಯೋ ನನ್ನ ಶಿವನ!”

ಮುಂದ ಎರಡು ಊರು ದಾಟಿದ ಮ್ಯಾಲ ಒಂದು ಮದುವಿ ನಡದಿತ್ತು. ಪರದೇಶದ ಜೋಡಿ ಸೈಕಲ್ ಮ್ಯಾಲ ಬಂದಾರ ಅಂತ ಪ್ರೀತಿಲೆ ಒಳಗ ಕರದ್ರು. ಭಾಳ ದಿನದ ಮ್ಯಾಲ ದಾನೇಶ್ವರಿ ಮಾರಿಯೊಳಗ ನಗು ಬಂತು. ಅಷ್ಟ್ರಾಗ ಮದುಮಗಳ ತಾಯಿ ಮಗಳನ್ನ ನೋಡಿ ಕಣ್ಣು ಒರಸ್ಕೊಂಡ್ಲು. ಹೆತ್ತ ಹೊಟ್ಟಿ, ಯಾವ ದೇಶದಾಗಾದ್ರೇನು? ಗುರುಶಾಂತ ಅದನ್ನ ಕಂಡ. ಹೋ ಅಂತ ಅಳಾಕ ಸುರು ಮಾಡಿದ. ಖುರ್ಚಿ ಎತ್ತಿದ, ಹೊರಗ! ಟೇಬಲ್ ಎತ್ತಿದ, ಹೊರಗ! ಮನಿಯೆತ್ತರದ ಕೇಕ್ ಎತ್ತಿದ, ಹೊರಗ, ಅಂಗಳದಾಗ, ನಾಯಿ ಮುಂದ! ಕಡೀಕ ಮದುಮಗನ ಅಜ್ಜನ್ನ ಖುರ್ಚಿ ಸಮೇತ ಎತ್ಕೊಂಡು ಹೊಂಟಿದ್ದ. ಅಜ್ಜ ಬಡಿಗಿಲೆ ಕೊಟ್ಟ ನಾಕು.

“ಹಿಂಗ ಮಾಡೂದೇನ್ರೀ?” ದಾನೇಶ್ವರಿ ಅವನ ರಟ್ಟಿ ಹಿಡಿದು ಹೊರಗ ಎಳಕೊಂಡು ಬಂದ್ಲು. “ಇಬ್ಬರು ಕೈ ಕೈ ಹಿಡ್ಕೊಂಡು ನಿಂತಿದ್ರ ಅಕ್ಷತಿ ಹಾಕಬೇಕು, ‘ನೂರು ವರ್ಷ ಕೂಡಿ ಬಾಳ್ರಿ’ ಅಂತ ಹರಸಬೇಕು! ನಮ್ಮ ಊರಾಗ ನೀವು ಮದುವಿನ ಕಂಡಿಲ್ಲೇನು?”

“ಕಂಡೀನಿ. ನಮ್ಮದು ಕಂಡೀನಿ. ಆತು, ಇನ್ನ ಹಂಗ ಮಾಡ್ತೀನಿ!”

ಅಡಗಿಗಂತ ಒಯ್ದಿದ್ದ ಅಕ್ಕಿಯೊಳಗ ಎರಡು ಮುಟಿಗಿ ಕಿಸೆದಾಗ ಇಟ್ಕೊಂಡ. ತಯಾರಾದ!

ಸ್ವಿಟ್ಜರ್ಲೆಂಡಿನ ಒಂದು ಊರು. ಚೌಕದಾಗ ಒಬ್ಬ ಪೊಲೀಸಪ್ಪ ಒಬ್ಬ ಕಳ್ಳನ ಕೈ ಗಟ್ಟಿ ಹಿಡ್ಕೊಂಡು ನಿಂತಿದ್ದ. ಕೈ ಕೈ ಹಿಡ್ಕೊಂಡಾರ! ಗುರುಶಾಂತ ಓಡಿದ. ಕಿಸೆಕ್ಕ ಕೈ ಹಾಕಿದ. “ನೂರು ವರ್ಷ ಕೂಡಿ ಬಾಳ್ರೆಪ್ಪಾ!” ಅಂತ ಅಕ್ಕಿ ಒಗದ. ಅಕ್ಕಿ ಹೋಗಿ ಪೊಲೀಸಪ್ಪನ ಕಣ್ಣಾಗ! ಆಂವ ಕಣ್ಣು ತಿಕ್ಕೂದ್ರಾಗ ಕಳ್ಳ ಕೈ ಕಿತ್ಕೊಂಡ, ಗ್ವಾಡಿಗೆ ಆನಿಸಿದ್ದ ಒಂದು ಸೈಕಲ್ ಹತ್ತಿದ, ಪರಾರಿ!

ಯಾರ ಸೈಕಲ್? ದಾನೇಶ್ವರಿದು! ಬಾಗಲಕೋಟಿಯಿಂದ ಜೀವದಂಗ ಜ್ವಾಕಿ ಮಾಡಿ ತಂದಿದ್ದು!

ಈಗ ಬೈಲಿಲ್ಲ ಆಕಿ. ಅತ್ಲು. ಅತ್ತು ಅತ್ತು ಕಣ್ಣು ಕೆಂಪ ಮಾಡ್ಕೊಂಡ್ಲು. “ಸಾಕ್ರಿ. ನಾ ರೈಲಿಗೆ ಹೋಗ್ತೀನಿ, ಅಲ್ಲಿಂದ ತವರಮನಿಗೆ. ಇನ್ನೊಮ್ಮೆ ನಿಮ್ಮ ಮಾರಿ ನಂಗ ತೋರಸಬ್ಯಾಡ್ರಿ!” ಅಂದು ಇಳಿಜಾರಿನಗುಂಟ ಸ್ಟೇಷನ್ ಕಡೆ ನಡದ್ಲು.

ಗುರುಶಾಂತ ಅವ್ವಗ ಫೋನ್ ಹಚ್ಚಿದ. “ಅವ್ವಾ, ಮಾರಿ ತೋರಸಬ್ಯಾಡ ಅಂದ್ಲು. ಹೊಂಟ್ಲವ್ವ!”

“ಅಳ್ಕೋತೇನಲೇ?”

“ಹೂನವ್ವ.”

“ನನ್ನ ಮಗನ, ಆಕಿ ಹೇಳಿದಂಗ ಕೇಳು. ಆದ್ರ ಆಕಿನ್ನ ಬಿಟ್ಟು ಮಾತ್ರ ಬರಬ್ಯಾಡ!”

ಮಾರಿ ತೋರಸಬಾರದು, ಬಿಡಲೂಬಾರದು. ಹೆಂಗ? ಚೀಲದಾಗ ಅವ್ವ ಹೊಲದು ಕೊಟ್ಟ ಕೌದಿ ಇತ್ತು. ತಗದ. ತಲಿ ಮ್ಯಾಲಿಂದ ಕುತ್ತಿಗಿತನಕ ಹೊದ್ಕೊಂಡ. ಸೈಕಲ್ ಹತ್ತಿ ಇಳಿಜಾರಿಗೆ ಬಿಟ್ಟ! ಏನೂ ಕಾಣವಲ್ದು, ಗಂಟಿ ಬಾರಸ್ಕೋತ, “ದಾನೂ, ಹೋಗಬ್ಯಾಡ! ನೀ ಹೋದ್ರ ನಾ ಹೆಂಗ ಇರ್ಲಿ! ಮಾರಿ ತೋರಸೂದಿಲ್ಲ, ಆಣಿ ಮಾಡ್ತೀನಿ!” ಅಂತ ಕೌದಿಯೊಳಗಿಂದ ಅಳ್ಕೋತ ಬಂದ. ದಾನೇಶ್ವರಿ ಬಾಜೂಕಿಂದ ಸರ್ರಂತ ಹಾದ. ಹೂವಿನ ಅಂಗಡಿ ಹಾದ. ಕೆಳಗ ಕಾರಂಜಿ. ಕಾರಂಜಿ ಕಡೆ ಬಗ್ಗಿ ನೀರು ಕುಡಿಯಾಕತ್ತಾಂವ ಯಾರು? ಅದ ಕಳ್ಳ! ಧಡಲ್ ಅಂತ ಹಾಯ್ದ. ಕಳ್ಳ ಕೆಳಗ, ಗುರುಶಾಂತ ಮ್ಯಾಲ, ಇಬ್ಬರ ಮ್ಯಾಲ ಕೌದಿ.

ಪೊಲೀಸಪ್ಪ ತೇಕ್ಕೋತ ಬಂದು ಕಳ್ಳನ್ನ ಹಿಡದ. ಶಾಬಾಸ್ ಅಂತ ಗುರುಶಾಂತನ ಕೈ ಕುಲಕಾಕ ಬಂದ. ಗುರುಶಾಂತ ಕೌದಿ ತಗೀವಲ್ಲ! ದಾನೇಶ್ವರಿ ಓಡಿ ಬಂದ್ಲು. ಕಾರಂಜಿಗೆ ಆನಿಸಿದ್ದ ಆಕಿ ಸೈಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

“ಕೌದಿ ತಗೀರಿ.”

“ಒಲ್ಲೆ. ಮಾರಿ ಕಂಡ್ರ ನೀ ಹೋಗ್ತಿ.”

ಆಕಿಗೆ ನಗು ತಡೀಲಿಲ್ಲ. ನಕ್ಕು ನಕ್ಕು ಕಾರಂಜಿ ಕಟ್ಟಿ ಮ್ಯಾಲ ಕುಂತ್ಲು. ಹಂಗ ನಗೂವಾಗ ಆಕಿಗೆ, ನನ್ನ ಮಾತು ಇಷ್ಟು ಕೇಳಿದಾವ್ರು ಹುಟ್ಟಿದಾಗಿಂದ ಯಾರರ ಅದಾರೇನು, ಅಂತ ಅನಿಸ್ತು. ತಾನ ಕೌದಿ ಎಳದು ಅವನ ಕಣ್ಣು ಒರಸಿದ್ಲು. “ಹೋಗೂದಿಲ್ಲ ನಾ. ಇನ್ನ ಮ್ಯಾಲ ನಿಮ್ಮ ಮಾರಿ ಯಾವಾಗ್ಲೂ ನನ್ನ ಕಣ್ಣ ಮುಂದ ಇರಬೇಕು. ತಿಳೀತ?”

ಅಯ್ಯ, ಯಾಕರ ಹೇಳಿದ್ಲೋ!

ಮರುದಿನ ಗುಡ್ಡದ ದಾರಿ. ದಾನೇಶ್ವರಿ ಹಿಂದ, ಗುರುಶಾಂತ ಮುಂದ. ಮುಂದಿದ್ದಾವನ ಮಾರಿ ಹಿಂದಿದ್ದಾಕಿಗೆ ಹೆಂಗ ಕಾಣಬೇಕು? ಸೈಕಲ್ ಮ್ಯಾಲ ಹಿಂದುಮುಂದಾಗಿ ಕುಂತ! ಬೆನ್ನ ಹಿಂದ ಹ್ಯಾಂಡಲ್ ಹಿಡದ, ಹೆಂಡ್ತಿ ಮಾರಿ ನೋಡ್ಕೋತ ಗುಡ್ಡ ಇಳದ. “ತಿರುಗ್ರೀ! ಆಕಳಾ! ಆಕಳಾ!” ಅಂತ ಆಕಿ ಚೀರೂದ್ರಾಗ ಆಕಳ ಹಿಂಡು ಹಾಯ್ದು, ಬೇಲಿ ಹಾಯ್ದು, ಹುಲ್ಲಿನ ಬಣವಿಯೊಳಗ ಹೊಕ್ಕ. ನಕ್ಕೋತ ಬ್ರೇಕ್ ಹಿಡಿಯೂದು ಮರ್ತು ಆಕಿನೂ ಹಿಂದಿಂದ ಹೊಕ್ಲು.

ಇತ್ತ ಬೆಟಗೇರಿಯೊಳಗ ಗಂಗವ್ವಗ ಅನ್ನ ಸೇರವಲ್ದು. ಸೊಸಿ ಬರ್ತಾಳೋ ಇಲ್ಲೋ, ಬಂದ್ರೂ ಅತ್ಕೋತ ಬರ್ತಾಳೋ ಏನೋ! ಬರೂ ದಿನ ಆರತಿ ಹಚ್ಕೊಂಡು ಬಾಗಲದಾಗ ನಿಂತ್ಲು. ಓಣಿ ಮಂದಿಯೆಲ್ಲ ಕೂಡಿತ್ತು. ಆಟೋ ಬಂತು. ಬಾಗಲದ ಕಡೆ ಬೆನ್ನು ಮಾಡಿ ಗುರುಶಾಂತ ಇಳದ. ಹಿಂದಿಂದ ಹೆಜ್ಜಿ ಇಟ್ಕೋತ ಬಂದ. ಹಿಂದಿಂದ ಮೆಟ್ಟಲ ಹತ್ತಿದ.

“ಈ ಕಡೆ ತಿರುಗಲೇ! ಆರತಿ ಯಾರಿಗೆ ಮಾಡ್ಲಿ?”

“ಹೆಂಗ ತಿರುಗಲವ್ವ? ಆಕಿ ಆ ಕಡೆಯಿಂದ ಬರಾಕತ್ತಾಳ!”

ಗಂಗವ್ವ ಮಗನ ಹೆಗಲ ಮ್ಯಾಲಿಂದ ಇಣುಕಿ ನೋಡಿದ್ಲು. ದಾನೇಶ್ವರಿ ಸೆರಗು ಬಾಯಿಗೆ ಹಿಡ್ಕೊಂಡು, ಆಟೋಕ್ಕ ಆನ್ಕೊಂಡು, ನಗಾಕತ್ತಾಳ, ನಗಾಕತ್ತಾಳ, ನಿಲ್ಲಸಾಕ ಆಗವಲ್ದು!

ಗಂಗವ್ವಗ ಅಷ್ಟ ಸಾಕಾತು. ಮಗನ ಬೆನ್ನಿಗೆ ಆರತಿ ಬೆಳಗಿದ್ಲು, ತಲಿ ಹಿಂಭಾಗಕ್ಕ ಕುಂಕುಮ ಹಚ್ಚಿದ್ಲು, ಇಬ್ಬರನ್ನೂ ಒಳಗ ಕರಕೊಂಡ್ಲು.